ಮೂಳೆಗೆ ಜೀವ ಇದೆ, ಅದಕ್ಕೆ ಕೆಲಸ ಬೇಕು

ಮೂಳೆ ಅಂದ ತಕ್ಷಣ ತುಂಬಾ ಜನಕ್ಕೆ ನೆನಪಾಗುವುದು ಶಾಲೆಯ ಲ್ಯಾಬಿನಲ್ಲಿ ಕೊಕ್ಕೆಗೆ ನೇತುಹಾಕಿದ್ದ ಅಸ್ಥಿಪಂಜರ. ಬೆಳ್ಳಗೆ, ಒಣಗಿಕೊಂಡು, ತಟ್ಟಿದರೆ ಟಕ್ ಟಕ್ ಅನ್ನುವಂಥದ್ದು. ಅದು ಸತ್ತ ಮೂಳೆ. ನಿಮ್ಮ ಕಾಲಿನೊಳಗೆ ಈಗ ಇರುವುದು ಬೇರೆಯೇ. ಅದು ಒದ್ದೆಯಾಗಿದೆ, ನಸುಗೆಂಪಾಗಿದೆ, ಒಳಗೆಲ್ಲ ರಕ್ತನಾಳ ಹರಡಿಕೊಂಡಿದೆ, ಕೊರೆದರೆ ರಕ್ತ ಬರುತ್ತದೆ. ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಗೆ ಮೇಜಿನ ಅಂಚು ತಗುಲಿದಾಗ ಕಣ್ಣಲ್ಲಿ ನೀರು ಬರುತ್ತದಲ್ಲ, ಆ ನೋವಿನಲ್ಲಿ ದೊಡ್ಡ ಪಾಲು ಮೂಳೆಯ ಮೇಲಿನ ತೆಳು ಪೊರೆಯದು. ಅಷ್ಟು ನರಗಳಿವೆ ಅದರಲ್ಲಿ.

ಈ ವ್ಯತ್ಯಾಸ ಸಣ್ಣದಲ್ಲ. ಮೂಳೆ ಅಂದರೆ ಒಮ್ಮೆ ಎಬ್ಬಿಸಿ ನಿಲ್ಲಿಸಿದ ಕಂಬ ಅಂತ ನಂಬಿಕೊಂಡಿದ್ದೇವೆ, ಹಾಗಾಗಿ ಅದನ್ನು ನೋಡಿಕೊಳ್ಳುವ ರೀತಿಯೂ ಅದೇ ದಾರಿ ಹಿಡಿದಿದೆ. ಮೂಳೆ ಸವೆಯಿತು ಅಂದರೆ ಸುಣ್ಣ ಕಡಿಮೆ ಆಗಿದೆ, ಸುಣ್ಣ ಕಡಿಮೆ ಆಗಿದ್ದರೆ ಕ್ಯಾಲ್ಸಿಯಂ ಮಾತ್ರೆ ನುಂಗಬೇಕು, ಮಾತ್ರೆ ನುಂಗಿದರೆ ಮುಗಿಯಿತು. ಇಷ್ಟೇ ನಮ್ಮ ಲೆಕ್ಕ. ಆದರೆ ಐವತ್ತು ದಾಟಿದ ಪ್ರತಿ 3 ಹೆಂಗಸರಲ್ಲಿ ಒಬ್ಬರಿಗೆ, ಪ್ರತಿ 5 ಗಂಡಸರಲ್ಲಿ ಒಬ್ಬರಿಗೆ ಉಳಿದ ಆಯಸ್ಸಿನಲ್ಲಿ ಎಂದಾದರೂ ಒಮ್ಮೆ, ಮೂಳೆ ಟೊಳ್ಳಾಗಿದ್ದ ಕಾರಣಕ್ಕೇ ಮುರಿತ ಆಗುತ್ತದೆ ಎನ್ನುವುದು ಜಗತ್ತಿನಾದ್ಯಂತದ ಅಂದಾಜು. ಮಾತ್ರೆಗಳೇನೂ ಕಡಿಮೆ ಮಾರಾಟ ಆಗುತ್ತಿಲ್ಲ. ಹಾಗಾದರೆ ಲೆಕ್ಕ ತಪ್ಪಿದ್ದು ಎಲ್ಲಿ?

ನನಗೆ ಈ ಪ್ರಶ್ನೆ ಬಂದದ್ದು ಮನೆಯಿಂದಲೇ. ನಮ್ಮಮ್ಮನ ಮಣಿಕಟ್ಟು ಮುರಿದಾಗ ಅವಳಿಗೆ 58. ಎತ್ತರದಿಂದ ಬಿದ್ದಿದ್ದಲ್ಲ, ಗಾಡಿ ಗುದ್ದಿದ್ದಲ್ಲ. ನಿಂತಲ್ಲೇ ಕಾಲು ಜಾರಿತು, ಕೈ ಊರಿದಳು, ಅಷ್ಟೇ. ಪ್ಲಾಸ್ಟರ್ ಹಾಕಿದರು, ಆರು ವಾರಕ್ಕೆ ಬಿಚ್ಚಿದರು, ಮೂಳೆ ಚೆನ್ನಾಗಿ ಕೂಡಿದೆ ಅಂದರು, ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ನಾವೂ ಸುಮ್ನೆ ಮನೆಗೆ ಬಂದೆವು. ಆ ದಿನ ಕೇಳಬೇಕಿದ್ದ ಪ್ರಶ್ನೆ ಏನು ಅಂತ ಗೊತ್ತಾಗಲು ನನಗೆ ನಾಲ್ಕು ವರ್ಷ ಬೇಕಾಯಿತು. ಆ ಕಥೆಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ಮೂಳೆಯೊಳಗೆ ಹೋಗೋಣ.

ಮೂಳೆಯ ತೂಕದಲ್ಲಿ ನೂರಕ್ಕೆ ಸುಮಾರು 65 ಭಾಗ ಖನಿಜ. ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಆದ ಹೈಡ್ರಾಕ್ಸಿಅಪಟೈಟ್ ಎಂಬ ಅತಿ ಸಣ್ಣ ಹರಳುಗಳು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕೊಲಾಜೆನ್ ಎಂಬ ಪ್ರೋಟೀನಿನ ನಾರು, ಜೊತೆಗೆ ಸ್ವಲ್ಪ ನೀರು. ಈ ಎರಡರಲ್ಲಿ ಯಾವುದು ಏನು ಮಾಡುತ್ತದೆ ಅಂತ ನೋಡಲು ಒಂದು ಹಳೇ ಪ್ರಯೋಗ ಇದೆ. ಕೋಳಿ ಕಾಲಿನ ಮೂಳೆಯೊಂದನ್ನು ವಿನೆಗರ್‌ನಲ್ಲಿ ಮುಳುಗಿಸಿ ಕೆಲವು ದಿನ ಬಿಡಿ, ನಡುವೆ ವಿನೆಗರ್ ಬದಲಿಸಿ. ಹುಳಿ ಖನಿಜವನ್ನೆಲ್ಲ ಕರಗಿಸಿಬಿಡುತ್ತದೆ. ಹೊರಗೆ ತೆಗೆದರೆ ಆಕಾರ ಹಾಗೇ ಇರುತ್ತದೆ, ಆದರೆ ರಬ್ಬರಿನ ಹಾಗೆ ಬಾಗುತ್ತದೆ, ತೆಳ್ಳಗಿದ್ದರೆ ಗಂಟು ಹಾಕಬಹುದು. ಇನ್ನೊಂದು ಮೂಳೆಯನ್ನು ಚೆನ್ನಾಗಿ ಸುಟ್ಟರೆ ಉಲ್ಟಾ ಆಗುತ್ತದೆ: ನಾರು ಸುಟ್ಟುಹೋಗಿ ಖನಿಜ ಉಳಿಯುತ್ತದೆ. ಅದೂ ಮೂಳೆಯ ಆಕಾರದಲ್ಲೇ ಇರುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿ ಪುಡಿ.

ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಾರಲ್ಲ, ಅದೇ ಉಪಾಯ. ಮಣ್ಣು ಭಾರ ತಡೆಯುತ್ತದೆ, ಹುಲ್ಲು ಬಿರುಕು ಬಿಡದಂತೆ ಹಿಡಿದಿಟ್ಟುಕೊಳ್ಳುತ್ತದೆ. ಸುಣ್ಣ ಅಂತ ನಾವು ಜಪ ಮಾಡುವುದು ಈ ಜೋಡಿಯಲ್ಲಿ ಒಂದನ್ನು ಮಾತ್ರ. ನಾರಿನ ಮಾತೇ ಆಡುವುದಿಲ್ಲ. ಊಟದಲ್ಲಿ ಪ್ರೋಟೀನ್ ಸಾಲದಿದ್ದರೆ ಮೂಳೆಗೂ ಪೆಟ್ಟು, ವಿಟಮಿನ್ ಸಿ ಇಲ್ಲದಿದ್ದರೆ ದೇಹಕ್ಕೆ ಸರಿಯಾದ ಕೊಲಾಜೆನ್ ನೇಯಲು ಆಗುವುದೇ ಇಲ್ಲ. ಹುಟ್ಟಿನಿಂದಲೇ ಕೊಲಾಜೆನ್ ದೋಷ ಇರುವ ಮಕ್ಕಳಿದ್ದಾರೆ. ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಅವರ ಮೂಳೆ ಸಣ್ಣ ಒತ್ತಡಕ್ಕೇ ಮುರಿಯುತ್ತದೆ.

ಇನ್ನು ರಚನೆ. ತೊಡೆಮೂಳೆಯನ್ನು, ಅಂದರೆ ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಉದ್ದದ ಮೂಳೆಯನ್ನು, ಸೊಂಟದ ತುದಿಯಲ್ಲಿ ಉದ್ದಕ್ಕೆ ಸೀಳಿದರೆ ಎರಡು ಬಗೆಯ ಮೂಳೆ ಕಾಣುತ್ತದೆ. ಹೊರಗೆ ಗಟ್ಟಿ ಕವಚ. ಒಳಗೆ ಸ್ಪಂಜಿನ ಹಾಗೆ ತೂತು ತೂತು. ಅಸ್ಥಿಪಂಜರದ ಒಟ್ಟು ತೂಕದಲ್ಲಿ ಸುಮಾರು 80 ಭಾಗ ಗಟ್ಟಿ ಮೂಳೆ, 20 ಭಾಗ ಈ ಸ್ಪಂಜು. ಬರೀ ಕಣ್ಣಿಗೆ ಸ್ಪಂಜು ಅಡ್ಡಾದಿಡ್ಡಿ ಅನ್ನಿಸಬಹುದು. ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ತೆಳುವಾದ ಎಲುಬಿನ ಎಳೆಗಳು ಸಾಲಾಗಿ ಬಾಗಿಕೊಂಡು ಹೋಗಿರುತ್ತವೆ, ಒಂದು ಸಾಲು ತೊಡೆಮೂಳೆಯ ಮೇಲ್ತುದಿಯ ಗುಂಡಿನಿಂದ ಕೆಳಗಿಳಿದು ಒಳಗಿನ ಗೋಡೆ ಸೇರುತ್ತದೆ, ಇನ್ನೊಂದು ಸಾಲು ಹೊರಗಿನ ಗೋಡೆಯಿಂದ ಕಮಾನಿನ ಹಾಗೆ ಮೇಲಕ್ಕೆ ಬಂದು ಮೊದಲಿನದನ್ನು ದಾಟುತ್ತದೆ.

1866ರಲ್ಲಿ ಜೂರಿಕ್‌ನಲ್ಲಿ ಹರ್ಮನ್ ಫಾನ್ ಮೇಯರ್ ಎಂಬ ಅಂಗರಚನಾ ತಜ್ಞ ಇಂಥ ಸೀಳುಗಳನ್ನು ತೋರಿಸುತ್ತಿದ್ದಾಗ ಕಾರ್ಲ್ ಕುಲ್ಮನ್ ಎಂಬ ಎಂಜಿನಿಯರ್ ಅಲ್ಲಿದ್ದರು. ಬಾಗಿದ ಕ್ರೇನ್ ಭಾರ ಎತ್ತಿದಾಗ ಒಳಗಿನ ಒತ್ತಡ, ಎಳೆತ ಯಾವ ಗೆರೆಯಲ್ಲಿ ಹರಿಯುತ್ತದೆ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಮೂಳೆಯಲ್ಲಿ ಕಂಡದ್ದು ಅವರದೇ ಕ್ರೇನಿನ ಗೆರೆಗಳು. 1892ರಲ್ಲಿ ಜರ್ಮನಿಯ ಮೂಳೆ ವೈದ್ಯ ಯೂಲಿಯಸ್ ವೋಲ್ಫ್ ಇದನ್ನೇ ನಿಯಮವಾಗಿ ಬರೆದರು: ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ. ಅವರ ಗಣಿತ ಪೂರ್ತಿ ಸರಿಯಿರಲಿಲ್ಲ ಅಂತ ಆಮೇಲೆ ಬಂದವರು ತೋರಿಸಿದ್ದಾರೆ, ನಿಜ. ಆದರೆ ತಿರುಳು ನಿಂತಿದೆ. ನನ್ನ ಮಟ್ಟಿಗೆ ಮೂಳೆಯ ಬಗ್ಗೆ ಒಂದೇ ಒಂದು ಮಾತು ಗೊತ್ತಿರಬೇಕು ಅಂದರೆ ಅದು ಇದೇ.

ಗಟ್ಟಿ ಕವಚವೂ ಕಲ್ಲಿನ ಹಾಗೆ ಏಕಾಂಡ ಅಲ್ಲ. ಸೂಕ್ಷ್ಮದರ್ಶಕದಲ್ಲಿ ಮರದ ಕಾಂಡ ಕೊಯ್ದ ಹಾಗೆ ಬಳೆ ಬಳೆ ಕಾಣುತ್ತದೆ. ಪ್ರತಿ ಗುಂಪಿನ ನಡುವೆ ರಕ್ತನಾಳ ಹೋಗುವ ಒಂದು ಕೊಳವೆ. 1691ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ಕ್ಲಾಪ್ಟನ್ ಹ್ಯಾವರ್ಸ್ ಹೆಸರಲ್ಲೇ ಆ ಕೊಳವೆಗಳನ್ನು ಇಂದಿಗೂ ಕರೆಯುತ್ತಾರೆ. ಒಂದೊಂದು ಬಳೆಯಲ್ಲೂ ನಾರು ಓರೆಯಾಗಿ ಬೇರೆ ಬೇರೆ ದಿಕ್ಕಿಗೆ ತಿರುಗಿರುತ್ತದೆ, ಹಾಗಾಗಿ ಒಂದು ಕಡೆ ಹುಟ್ಟಿದ ಬಿರುಕು ಪಕ್ಕದ ಬಳೆಗೆ ಬಂದಾಗ ದಾರಿ ತಪ್ಪಿ ನಿಂತುಬಿಡುತ್ತದೆ.

ಈಗ ಅಸಲಿ ವಿಷಯ. ಈ ಕಟ್ಟಡದಲ್ಲಿ ಕೆಲಸ ಯಾವತ್ತೂ ನಿಂತಿಲ್ಲ. ನೀವು ಇದನ್ನು ಓದುತ್ತಿರುವ ಈ ಹೊತ್ತಲ್ಲೇ ನಿಮ್ಮ ಮೂಳೆಯ ಲಕ್ಷಗಟ್ಟಲೆ ಜಾಗಗಳಲ್ಲಿ ಒಡೆಯುವ, ಕಟ್ಟುವ ಕೆಲಸ ನಡೆದಿದೆ.

ಹತ್ತಿರದಿಂದ ನೋಡೋಣ. ಒಡೆಯುವ ಜೀವಕೋಶದ ಹೆಸರು ಆಸ್ಟಿಯೊಕ್ಲಾಸ್ಟ್. ರಕ್ತದ ಬಿಳಿ ಕಣಗಳ ವಂಶದ್ದು. ಹಲವು ಕೋಶಗಳು ಒಂದಾಗಿ ಸೇರಿ ಆದದ್ದು, ಹಾಗಾಗಿ ದೊಡ್ಡ ಗಾತ್ರ, ಒಳಗೆ ಹಲವಾರು ಕೋಶಕೇಂದ್ರ. ಅದು ಮೂಳೆಯ ಮೇಲೆ ಬೋರಲು ಹಾಕಿದ ಬಟ್ಟಲಿನ ಹಾಗೆ ಕೂತು ಅಂಚನ್ನು ಬಿಗಿಯಾಗಿ ಅಂಟಿಸಿಕೊಳ್ಳುತ್ತದೆ. ಆಮೇಲೆ ಬಟ್ಟಲಿನೊಳಗೆ ಆಮ್ಲ ಸುರಿಯುತ್ತದೆ, ಖನಿಜ ಕರಗುತ್ತದೆ. ಉಳಿದ ನಾರನ್ನು ಕಿಣ್ವಗಳು ಕತ್ತರಿಸುತ್ತವೆ. ಒಂದು ಗುಳಿ ಬಿಟ್ಟು ಮುಂದಕ್ಕೆ ಸರಿಯುತ್ತದೆ. ಒಂದು ಜಾಗದಲ್ಲಿ ಎರಡು ಮೂರು ವಾರದ ಕೆಲಸ ಇದು. ಅದರ ಹಿಂದೆಯೇ ಆಸ್ಟಿಯೊಬ್ಲಾಸ್ಟ್ ಎಂಬ ಕಟ್ಟುವ ಕೋಶಗಳು ಬಂದು ಗುಳಿಯ ಗೋಡೆಗೆ ಸಾಲಾಗಿ ನಿಲ್ಲುತ್ತವೆ. ಮೊದಲು ಬರೀ ನಾರು ಹಾಸುತ್ತವೆ, ಅದು ಮೆತ್ತಗಿರುತ್ತದೆ. ಆಮೇಲೆ ನಿಧಾನಕ್ಕೆ ಖನಿಜ ಕೂತು ಗಟ್ಟಿಯಾಗುತ್ತದೆ. ಅದೇ ಗುಳಿ ತುಂಬಲು ಮೂರು ನಾಲ್ಕು ತಿಂಗಳು ಬೇಕು.

ಕೆಡವಲು ವಾರಗಳು, ಕಟ್ಟಲು ತಿಂಗಳುಗಳು. ಮೂಳೆ ಟೊಳ್ಳಾಗುವ ಕಥೆಯ ಬೀಜ ಇಲ್ಲೇ ಇದೆ. ಏಕಕಾಲಕ್ಕೆ ಒಡೆಯುವ ಜಾಗಗಳು ಜಾಸ್ತಿ ಆದರೆ ಕಟ್ಟುವವರು ಎಷ್ಟು ಓಡಿದರೂ ಹಿಂದೆ ಬೀಳುತ್ತಾರೆ.

ಕಟ್ಟುವ ಕೋಶಗಳಲ್ಲಿ ಕೆಲವು ತಾವೇ ಕಟ್ಟಿದ ಗೋಡೆಯೊಳಗೆ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತವೆ. ಅವುಗಳಿಗೆ ಆಸ್ಟಿಯೊಸೈಟ್ ಅಂತ ಹೆಸರು. ಬಹಳ ಕಾಲ ಇವು ಸುಮ್ನೆ ನಿವೃತ್ತಿಯಾಗಿ ಕೂತಿವೆ ಅಂದುಕೊಂಡಿದ್ದರು. ಆದರೆ ಮೂಳೆಯ ಜೀವಕೋಶಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಇವೇ, ಮತ್ತು ಉಸ್ತುವಾರಿ ಬಹುಪಾಲು ಇವುಗಳದ್ದೇ. ಪ್ರತಿಯೊಂದೂ ಕೂದಲಿಗಿಂತ ಎಷ್ಟೋ ತೆಳ್ಳಗಿನ ಕಾಲುವೆಗಳಲ್ಲಿ ಕೈ ಚಾಚಿ ಅಕ್ಕಪಕ್ಕದವುಗಳನ್ನು ಹಿಡಿದುಕೊಂಡಿರುತ್ತದೆ. ನೀವು ಮೆಟ್ಟಿಲು ಹತ್ತುವಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಆ ಕಾಲುವೆಗಳಲ್ಲಿನ ದ್ರವ ಅತ್ತಿತ್ತ ಜರುಗುತ್ತದೆ, ಆಸ್ಟಿಯೊಸೈಟ್‌ಗೆ ಅದು ಗೊತ್ತಾಗುತ್ತದೆ. ಭಾರ ಬೀಳುತ್ತಿಲ್ಲ ಅಂದರೆ ಇವು ಸ್ಕ್ಲೆರೊಸ್ಟಿನ್ ಎಂಬ ಪ್ರೋಟೀನನ್ನು ಜಾಸ್ತಿ ಬಿಡುತ್ತವೆ, ಅದು ಕಟ್ಟುವ ಕೋಶಗಳಿಗೆ ಬ್ರೇಕ್ ಹಾಕುತ್ತದೆ. ಭಾರ ಬಿದ್ದರೆ ಬ್ರೇಕ್ ಸಡಿಲ.

ಹೀಗೆ ವರ್ಷಕ್ಕೆ ನಮ್ಮ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಹೊಸದಾಗುತ್ತದೆ. ಇಷ್ಟೊಂದು ಶ್ರಮ ಯಾಕೆ ಅಂದರೆ ಎರಡು ಕಾರಣ. ಒಂದು, ದಿನನಿತ್ಯದ ಓಡಾಟದಲ್ಲಿ ಮೂಳೆಯಲ್ಲಿ ಕೂದಲೆಳೆಗಿಂತ ಸಣ್ಣ ಬಿರುಕುಗಳು ಆಗುತ್ತಲೇ ಇರುತ್ತವೆ, ಅವನ್ನು ಆಗಿಂದಾಗ ತೆಗೆದು ಹೊಸದು ಹಾಕದಿದ್ದರೆ ಒಂದು ದಿನ ಪೂರ್ತಿ ಮುರಿಯುತ್ತದೆ.

ಎರಡನೆಯದು ಕ್ಯಾಲ್ಸಿಯಂ ಖಜಾನೆ. ದೊಡ್ಡವರ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ, ಅದರಲ್ಲಿ ನೂರಕ್ಕೆ 99 ಭಾಗ ಮೂಳೆ ಮತ್ತು ಹಲ್ಲಿನಲ್ಲಿ. ಉಳಿದ ಒಂದೇ ಭಾಗದಲ್ಲಿ ಹೃದಯ ಬಡಿಯಬೇಕು, ಸ್ನಾಯು ಬಿಗಿಯಬೇಕು, ನರ ಸಂದೇಶ ಸಾಗಿಸಬೇಕು, ಗಾಯವಾದರೆ ರಕ್ತ ಹೆಪ್ಪುಗಟ್ಟಬೇಕು. ರಕ್ತದಲ್ಲಿ 100 ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ, ಈ ಕಿರಿದಾದ ಪಟ್ಟಿಯಿಂದ ಆಚೀಚೆ ಹೋಗಲು ದೇಹ ಬಿಡುವುದಿಲ್ಲ. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಅಂಟಿಕೊಂಡಿರುವ ನಾಲ್ಕು ಪುಟ್ಟ ಗ್ರಂಥಿಗಳು ಸದಾ ಅಳೆಯುತ್ತಿರುತ್ತವೆ. ಸ್ವಲ್ಪ ಇಳಿದರೂ ಹಾರ್ಮೋನ್ ಬಿಟ್ಟು ಮೂಳೆಯಿಂದ ತೆಗೆಸುತ್ತವೆ. ಹೃದಯ ಮತ್ತು ಮೂಳೆ ಇಬ್ಬರಲ್ಲಿ ಯಾರನ್ನು ಉಳಿಸಬೇಕು ಅಂತ ದೇಹಕ್ಕೆ ಒಂದು ಕ್ಷಣವೂ ಗೊಂದಲ ಇಲ್ಲ.

ಇದರಿಂದ ಹೊರಡುವ ಒಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ನಾರ್ಮಲ್ ಬಂತು, ಹಾಗಾಗಿ ಮೂಳೆ ಗಟ್ಟಿ ಇದೆ ಅಂತ ಎಷ್ಟೋ ಜನ ಸಮಾಧಾನ ಪಟ್ಟುಕೊಳ್ಳುತ್ತಾರೆ. ಹಾಗಲ್ಲ. ಮೂಳೆ ಖಾಲಿಯಾಗುತ್ತಿರುವಾಗಲೂ ರಕ್ತದ ಲೆಕ್ಕ ಸರಿಯಾಗೇ ಇರುತ್ತದೆ, ಯಾಕೆಂದರೆ ಖಾಲಿ ಮಾಡುತ್ತಿರುವುದೇ ಆ ಲೆಕ್ಕವನ್ನು ಸರಿ ಇಡಲು.

ಮೂಳೆಗೆ ಬೇರೆ ಕೆಲಸಗಳೂ ಇವೆ. ಸೊಂಟ, ಎದೆ, ಪಕ್ಕೆಲುಬು, ಬೆನ್ನುಮೂಳೆಗಳ ಒಳಗಿನ ಕೆಂಪು ಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕೆಂಪು ರಕ್ತಕಣಗಳು ಹುಟ್ಟುತ್ತವೆ. ರಕ್ತ ಹುಟ್ಟುವುದು ಮೂಳೆಯೊಳಗೆ ಅಂತ ಅರ್ನ್‌ಸ್ಟ್ ನಾಯ್ಮನ್ ಎಂಬ ಜರ್ಮನ್ ವೈದ್ಯ 1868ರಲ್ಲಿ ಹೇಳಿದರು. ಆಸ್ಟಿಯೊಸೈಟ್‌ಗಳು ಹಾರ್ಮೋನನ್ನೂ ಬಿಡುತ್ತವೆ, ರಂಜಕ ಜಾಸ್ತಿಯಾದರೆ ಹೊರಗೆ ಹಾಕು ಅಂತ ಮೂತ್ರಪಿಂಡಕ್ಕೆ ಹೇಳಿಕಳಿಸುವುದು ಹೀಗೆ. ಕಿವಿಯೊಳಗೆ ಸುಮಾರು 3 ಮಿಲಿಮೀಟರಿನ ಮೂಳೆಯೊಂದಿದೆ, ಅದು ಅಲುಗದಿದ್ದರೆ ಮಾತು ಸರಿಯಾಗಿ ಕೇಳುವುದಿಲ್ಲ. ದೊಡ್ಡವರಲ್ಲಿ ಒಟ್ಟು 206 ಮೂಳೆ, ಅದರಲ್ಲಿ 106 ಬರೀ ಕೈ ಪಾದಗಳಲ್ಲೇ. ಹುಟ್ಟಿದ ಮಗುವಿನಲ್ಲಿ 270ರಿಂದ 300ರಷ್ಟು ಇರುತ್ತವೆ, ಬೆಳೆಯುತ್ತಾ ಹಲವು ಕೂಡಿಕೊಳ್ಳುತ್ತವೆ. ಎಲ್ಲಕ್ಕಿಂತ ಕೊನೆಗೆ ಪೂರ್ತಿಯಾಗುವುದು ಕೊರಳೆಲುಬು, ಇಪ್ಪತ್ತು ದಾಟಿ ಎಷ್ಟೋ ವರ್ಷದ ಮೇಲೆ.

ಖಜಾನೆ ತುಂಬುವ ಕಾಲ ಚಿಕ್ಕದು. ಮೂಳೆಯ ಹೆಚ್ಚಿನ ಗಳಿಕೆ ಹದಿಹರೆಯ ಮುಗಿಯುವಷ್ಟರಲ್ಲೇ ಆಗಿಬಿಡುತ್ತದೆ, ಮೂವತ್ತರ ಹತ್ತಿರ ಶಿಖರ ಮುಟ್ಟುತ್ತದೆ. ಅಲ್ಲಿಂದ ಸ್ವಲ್ಪ ಕಾಲ ಸಮತಟ್ಟು, ಆಮೇಲೆ ಇಳಿಜಾರು. ಚಿಕ್ಕಂದಿನಿಂದ ಟೆನಿಸ್ ಆಡಿದವರ ಎರಡೂ ತೋಳಿನ ಮೂಳೆ ಅಳೆದರೆ ರಾಕೆಟ್ ಹಿಡಿಯುವ ಕೈಯದ್ದು ಎದ್ದು ಕಾಣುವಷ್ಟು ದಪ್ಪ. ಒಬ್ಬನದೇ ಮೈ, ಒಂದೇ ಊಟ, ಒಂದೇ ರಕ್ತ. ಬದಲಾದದ್ದು ಭಾರ ಮಾತ್ರ. ಕುಣಿದು ಕುಪ್ಪಳಿಸುವ ವಯಸ್ಸಿನ ಮಕ್ಕಳನ್ನು ದಿನವಿಡೀ ಕೂರಿಸಿಡುವುದು ನನಗೆ ನಿಜಕ್ಕೂ ಸಂಕಟ ಕೊಡುವುದು ಇದಕ್ಕೇ. ಅವರು ಕಳೆದುಕೊಳ್ಳುತ್ತಿರುವುದರ ಲೆಕ್ಕ ಸಿಗುವುದು ಅರವತ್ತರಲ್ಲಿ.

ಹೆಂಗಸರಿಗೆ ಇಳಿಜಾರು ಇದ್ದಕ್ಕಿದ್ದಂತೆ ಕಡಿದಾಗುವುದು ಮುಟ್ಟು ನಿಂತಾಗ. ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಇರುವವರೆಗೆ ಒಡೆಯುವ ಕೋಶಗಳಿಗೆ ಲಗಾಮು ಇರುತ್ತದೆ. ಅದು ಕಡಿಮೆಯಾದಾಗ ಒಡೆಯುವ ಜಾಗಗಳು ಹೆಚ್ಚಿ, ಮೊದಲ ಐದಾರು ವರ್ಷದಲ್ಲೇ ನೂರಕ್ಕೆ ಹತ್ತರಷ್ಟು ಅಥವಾ ಅದಕ್ಕೂ ಜಾಸ್ತಿ ಮೂಳೆ ಹೋಗಬಹುದು. ಸ್ಪಂಜು ಮೂಳೆಗೆ ಮೊದಲ ಪೆಟ್ಟು, ಯಾಕೆಂದರೆ ಅದರ ಮೇಲ್ಮೈ ಹೆಚ್ಚು. ಎಳೆಗಳು ತೆಳುವಾಗುತ್ತವೆ, ಆಮೇಲೆ ಅಡ್ಡ ಎಳೆಗಳು ತುಂಡಾಗುತ್ತವೆ. ಒಮ್ಮೆ ತುಂಡಾದ ಎಳೆಗೆ ಮತ್ತೆ ಸೇತುವೆ ಕಟ್ಟುವುದು ಕಷ್ಟ. ಹಾಗಾಗಿಯೇ ಈ ಮುರಿತಗಳು ಸ್ಪಂಜು ಜಾಸ್ತಿ ಇರುವ ಕಡೆಯೇ: ಮಣಿಕಟ್ಟು, ಬೆನ್ನುಮೂಳೆ, ಸೊಂಟ. ಆಸ್ತಮಾ, ಸಂಧಿವಾತದಂಥ ಕಾಯಿಲೆಗೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ, ಗಂಡಸರಾದರೂ ಸರಿ, ವಯಸ್ಸು ಎಷ್ಟಾದರೂ ಸರಿ, ಇದೇ ಅಪಾಯ.

ಸುಣ್ಣವೊಂದೇ ಉತ್ತರ ಅಲ್ಲ ಅನ್ನುವುದಕ್ಕೆ ಅತಿ ಸ್ಪಷ್ಟ ಸಾಕ್ಷಿ ಗಗನಯಾತ್ರಿಗಳು. ಅವರ ಊಟ ಅಳೆದು ತೂಗಿ ಕೊಟ್ಟದ್ದು, ಕ್ಯಾಲ್ಸಿಯಂ ಅದರಲ್ಲಿದೆ. ಬಾಹ್ಯಾಕಾಶದಲ್ಲಿ ಬಿಸಿಲು ಮೈಗೆ ತಾಗುವುದಿಲ್ಲ ಅಂತ ವಿಟಮಿನ್ ಡಿ ಕೂಡ ಕೊಡುತ್ತಾರೆ. ಆದರೂ ಭಾರವಿಲ್ಲದ ಆ ಜಾಗದಲ್ಲಿ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ 1ರಿಂದ 1.5 ಭಾಗದಷ್ಟು ಕರಗಿದ್ದು ದಾಖಲಾಗಿದೆ. ಭೂಮಿಯ ಮೇಲೆ ವಯಸ್ಸಾದವರು ಒಂದು ವರ್ಷದಲ್ಲಿ ಕಳೆದುಕೊಳ್ಳುವಷ್ಟು ಅಲ್ಲಿ ಒಂದೇ ತಿಂಗಳಲ್ಲಿ. ಕೈಯಲ್ಲಿ ಇಟ್ಟಿಗೆ, ಗಾರೆ ಎಲ್ಲ ಇದ್ದರೂ ಕಟ್ಟು ಅಂತ ಹೇಳುವವರು ಇಲ್ಲ, ಅಷ್ಟೇ. ಅದಕ್ಕೇ ಅವರು ದಿನಕ್ಕೆ ಎರಡು ಗಂಟೆಗೂ ಮೇಲೆ ಯಂತ್ರದ ವಿರುದ್ಧ ಎಳೆದು ತಳ್ಳಿ ವ್ಯಾಯಾಮ ಮಾಡುತ್ತಾರೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಿಗೆ ಆಗುವುದೂ ಇದೇ.

ಇಲ್ಲಿ ನಮ್ಮ ಮಾತಿನಲ್ಲೇ ಒಂದು ಗೊಂದಲ ಇದೆ. ಮೊಣಕಾಲು ನೋವು ಬಂದರೂ "ಮೂಳೆ ಸವೆದಿದೆ" ಅನ್ನುತ್ತೇವೆ, ಬೆನ್ನುಮೂಳೆ ಟೊಳ್ಳಾದರೂ "ಮೂಳೆ ಸವೆದಿದೆ" ಅನ್ನುತ್ತೇವೆ. ಎರಡೂ ಬೇರೆ ಕಾಯಿಲೆ. ಮೊಣಕಾಲಲ್ಲಿ ಸವೆಯುವುದು ಮುಖ್ಯವಾಗಿ ಮೂಳೆಯ ತುದಿಯ ಮೃದ್ವಸ್ಥಿ, ಅದು ನೋಯುತ್ತದೆ, ಸದ್ದು ಮಾಡುತ್ತದೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತದೆ. ಟೊಳ್ಳಾಗುವ ಮೂಳೆ, ಅಂದರೆ ಆಸ್ಟಿಯೊಪೊರೋಸಿಸ್, ಮುರಿಯುವವರೆಗೆ ಒಂದು ಚೂರೂ ನೋಯುವುದಿಲ್ಲ. ಒಂದೇ ಹೆಸರಿನಿಂದ ಕರೆಯುವುದರಿಂದ, ನೋವಿಲ್ಲ ಅಂದರೆ ಸವೆತವೂ ಇಲ್ಲ ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ.

ಮಾತ್ರೆಯ ವಿಷಯಕ್ಕೆ ಬರೋಣ. 2022ರಲ್ಲಿ ವೈಟಲ್ ಎಂಬ ದೊಡ್ಡ ಅಮೆರಿಕನ್ ಅಧ್ಯಯನದ ಫಲಿತಾಂಶ ಹೊರಬಂತು. ನಡುವಯಸ್ಸು ದಾಟಿದ 25,871 ಜನ, ಅರ್ಧದಷ್ಟು ಜನಕ್ಕೆ ದಿನಾ 2000 ಯೂನಿಟ್ ವಿಟಮಿನ್ ಡಿ, ಉಳಿದವರಿಗೆ ಹುಸಿ ಮಾತ್ರೆ, ಐದು ವರ್ಷಕ್ಕೂ ಮೇಲೆ. ಮೂಳೆ ಮುರಿತದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದನ್ನು ಓದಿ ಮಾತ್ರೆ ಎಸೆಯಬೇಡಿ. ಆ ಜನ ಸಾಮಾನ್ಯವಾಗಿ ಆರೋಗ್ಯವಂತರು, ವಿಟಮಿನ್ ಕೊರತೆ ಇದೆ ಅಂತ ಆರಿಸಿಕೊಂಡವರಲ್ಲ. ಕೊರತೆ ನಿಜವಾಗಿ ಇರುವವರಿಗೆ, ಬಿಸಿಲೇ ಕಾಣದವರಿಗೆ, ಮೂಳೆಯ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಅದು ಬೇಕೇ ಬೇಕು. ಆದರೆ ಸಾಕಷ್ಟು ಇರುವವರು ಇನ್ನಷ್ಟು ತುಂಬಿಕೊಂಡರೆ ಮೂಳೆ ಇನ್ನಷ್ಟು ಗಟ್ಟಿಯಾಗುತ್ತದೆ ಅನ್ನುವುದು ನಡೆಯಲಿಲ್ಲ.

ಹಾಗಾದರೆ ಎಂಥ ಭಾರ, ಎಷ್ಟು ಭಾರ? 1984ರಲ್ಲಿ ಕ್ಲಿಂಟನ್ ರೂಬಿನ್ ಮತ್ತು ಲ್ಯಾನ್ಯನ್ ಎಂಬ ಸಂಶೋಧಕರು ಹುಂಜಗಳ ರೆಕ್ಕೆಯ ಮೂಳೆಗೆ ದಿನಕ್ಕೆ ಇಂತಿಷ್ಟು ಸಲ ಅಂತ ಒತ್ತಡ ಕೊಟ್ಟು ನೋಡಿದರು. ದಿನಕ್ಕೆ 36 ಸಲ ಕೊಟ್ಟಾಗ ಮೂಳೆ ಚೆನ್ನಾಗಿ ಬೆಳೆಯಿತು. 1800 ಸಲ ಕೊಟ್ಟಾಗ? ಅಷ್ಟೇ ಬೆಳೆಯಿತು, ಜಾಸ್ತಿ ಇಲ್ಲ. ಮೂಳೆಯ ಕೋಶಗಳು ಬೇಗ ಕೇಳಿಸಿಕೊಳ್ಳುತ್ತವೆ, ಬೇಗ ಕಿವಿ ಮುಚ್ಚಿಕೊಳ್ಳುತ್ತವೆ. ಅವಕ್ಕೆ ಬೇಕಾದದ್ದು ಗಂಟೆಗಟ್ಟಲೆ ಒಂದೇ ಲಯದ ಸವಾರಿಯಲ್ಲ, ಸ್ವಲ್ಪ ಹೊತ್ತಿನ ಜೋರು ಭಾರ, ಬಿಡುವು, ಮತ್ತೆ ಭಾರ. ಅದಕ್ಕೇ ದಿನವಿಡೀ ಸೈಕಲ್ ತುಳಿಯುವ ವೃತ್ತಿಪರ ಸವಾರರಲ್ಲಿ ಕೂಡ, ಹೃದಯ ಎಷ್ಟು ಚೆನ್ನಾಗಿದ್ದರೂ, ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದು ಕಂಡುಬಂದಿದೆ. ಈಜು ಕೂಡ ಮೂಳೆಗೆ ಅಷ್ಟು ಭಾರ ಹಾಕುವುದಿಲ್ಲ. ವಾಕಿಂಗ್ ಒಳ್ಳೆಯದೇ, ಖಂಡಿತ ಬಿಡಬೇಡಿ, ಆದರೆ ದಿನಾ ನಡೆಯುವ ಮೂಳೆಗೆ ಅದರಲ್ಲಿ ಹೊಸ ಸುದ್ದಿ ಏನಿಲ್ಲ. ಮೆಟ್ಟಿಲು, ತೂಕ ಎತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಆಗುವವರಿಗೆ ಸಣ್ಣ ಜಿಗಿತ, ಇವೆಲ್ಲ ಸುದ್ದಿ.

ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಾಗಿದ್ದ ಹೆಂಗಸರಿಗೆ ವಾರಕ್ಕೆ ಎರಡು ಸಲ, ಅರ್ಧ ಗಂಟೆ, ಎಂಟು ತಿಂಗಳು ಭಾರಿ ತೂಕ ಎತ್ತಿಸಿದ ಲಿಫ್ಟ್‌ಮೋರ್ ಎಂಬ ಅಧ್ಯಯನ ಇದೆ. ತೂಕ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದ್ದು ಇಳಿಯಿತು. ಒಂದು ಎಚ್ಚರಿಕೆ: ಅವರ ಪಕ್ಕದಲ್ಲಿ ಸದಾ ತರಬೇತುದಾರರು ನಿಂತಿರುತ್ತಿದ್ದರು. ಮೂಳೆ ಈಗಾಗಲೇ ಟೊಳ್ಳಾಗಿದೆ ಅಂತ ಗೊತ್ತಿರುವವರು ವಿಡಿಯೊ ನೋಡಿಕೊಂಡು ಬೆನ್ನು ಬಗ್ಗಿಸಿ ತೂಕ ಎತ್ತಲು ಹೋಗಬಾರದು, ಫಿಸಿಯೊಥೆರಪಿಸ್ಟ್ ಹತ್ತಿರ ಕಲಿತು ಮಾಡಬೇಕು.

ಗೊತ್ತು ಮಾಡಿಕೊಳ್ಳುವುದು ಹೇಗೆ? ಸಾದಾ ಎಕ್ಸ್‌ರೇಯಲ್ಲಿ ಮೂಳೆ ತೆಳುವಾಗಿ ಕಾಣಬೇಕಾದರೆ ಅಷ್ಟರಲ್ಲಿ ಮೂರನೇ ಒಂದು ಭಾಗದಷ್ಟು ಹೋಗಿರುತ್ತದೆ. ಅದಕ್ಕೆ ಡೆಕ್ಸಾ ಸ್ಕ್ಯಾನ್. ಸೊಂಟ ಮತ್ತು ಬೆನ್ನಿನ ಸಾಂದ್ರತೆ ಅಳೆದು ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿ ಟಿ ಸ್ಕೋರ್ ಕೊಡುತ್ತಾರೆ. ಮೈನಸ್ 1ರವರೆಗೆ ಸರಿ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ನಡುವಿನದು ಎಚ್ಚರಿಕೆಯ ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಇದು. ಹಿಮ್ಮಡಿ ಇಟ್ಟು ಎರಡು ನಿಮಿಷದಲ್ಲಿ ನೋಡುವ ಅಲ್ಟ್ರಾಸೌಂಡ್ ಯಂತ್ರದ ಅಂಕೆಗೆ ಈ ಗೆರೆ ಅನ್ವಯಿಸುವುದಿಲ್ಲ, ಅಲ್ಲಿ ಕಡಿಮೆ ಬಂದರೆ ಡೆಕ್ಸಾ ಮಾಡಿಸಿ ಅನ್ನುವಷ್ಟಕ್ಕೆ ಅದು ಸಾಕು. ಮತ್ತೆ ಅಂಕೆಯೇ ಎಲ್ಲ ಅಲ್ಲ. ನಿಂತಲ್ಲಿಂದ ಬಿದ್ದು ಮಣಿಕಟ್ಟು, ಬೆನ್ನು, ಸೊಂಟ ಮುರಿಯಿತು ಅಂದರೆ ಸ್ಕೋರ್ ನಡುವಿನ ಪಟ್ಟಿಯಲ್ಲಿದ್ದರೂ ಮೂಳೆ ಸೋತಿದೆ ಅಂತಲೇ ಅನುಮಾನ ಪಡಬೇಕು.

ಔಷಧಿಗಳೂ ಇದೇ ಒಡೆಯುವ, ಕಟ್ಟುವ ಲೆಕ್ಕದಲ್ಲೇ ಕೆಲಸ ಮಾಡುವುದು. ಬಿಸ್‌ಫಾಸ್ಫೊನೇಟ್ ಗುಂಪಿನವು ಮೂಳೆಗೆ ಅಂಟಿಕೊಂಡು ಕೂರುತ್ತವೆ, ಒಡೆಯುವ ಕೋಶ ಅದನ್ನು ನುಂಗಿ ಸುಮ್ಮನಾಗುತ್ತದೆ. ಡೆನೊಸುಮಾಬ್ ಎಂಬ ಆರು ತಿಂಗಳಿಗೊಮ್ಮೆಯ ಇಂಜೆಕ್ಷನ್ ಒಡೆಯುವ ಕೋಶಗಳು ಬಲಿಯುವುದನ್ನೇ ತಡೆಯುತ್ತದೆ. ಇದನ್ನು ಮಾತ್ರ ತಾವಾಗೇ ನಿಲ್ಲಿಸಬಾರದು. ತಡ ಮಾಡಿದರೆ ಅದುಮಿಟ್ಟಿದ್ದ ಒಡೆಯುವ ಕೆಲಸ ಒಮ್ಮೆಲೇ ನುಗ್ಗಿ ಬೆನ್ನುಮೂಳೆಗಳು ಒಂದರ ಹಿಂದೆ ಒಂದು ಕುಸಿಯಬಹುದು. ನಿಲ್ಲಿಸುವುದಾದರೆ ಅದರ ಬದಲಿಗೆ ಇನ್ನೊಂದು ಔಷಧಿ ಬೇಕು. ರೊಮೊಸೊಜುಮಾಬ್ ಅಂತ ಇನ್ನೊಂದಿದೆ, 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೇಲೆ ಹೇಳಿದ ಸ್ಕ್ಲೆರೊಸ್ಟಿನ್ ಬ್ರೇಕ್ ಇತ್ತಲ್ಲ, ಅದನ್ನೇ ಬಿಡಿಸುತ್ತದೆ. ದವಡೆ ಮೂಳೆ ಕೊಳೆಯುತ್ತದಂತೆ ಅನ್ನುವ ಭಯಕ್ಕೆ ಎಷ್ಟೋ ಜನ ಔಷಧಿಯನ್ನೇ ಬೇಡ ಅನ್ನುತ್ತಾರೆ. ಆ ತೊಂದರೆ ಇದೆ, ಆದರೆ ಆಸ್ಟಿಯೊಪೊರೋಸಿಸ್‌ಗೆ ಕೊಡುವ ಪ್ರಮಾಣದಲ್ಲಿ ಬಹಳ ಅಪರೂಪ. ಸೊಂಟ ಮುರಿದ ವೃದ್ಧರಲ್ಲಿ ಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಎರಡು ಭಯವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅಲ್ವಾ?

ಇನ್ನು ಅಮ್ಮನ ಕಥೆ. ಮಣಿಕಟ್ಟು ನಿಜಕ್ಕೂ ಚೆನ್ನಾಗಿ ಕೂಡಿತ್ತು. ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಮೇಲೆ ಮೆತ್ತನೆ ಗಂಟು ಬೆಳೆದು, ಗಂಟು ಗಟ್ಟಿಯಾಗಿ, ಆಮೇಲೆ ವರ್ಷಗಟ್ಟಲೆ ಕೋಶಗಳು ಅದನ್ನು ಕೆತ್ತಿ ಮೊದಲಿನ ಆಕಾರಕ್ಕೆ ತರುತ್ತವೆ. ಚರ್ಮದ ಹಾಗೆ ಮೂಳೆ ಗಾಯದ ಕಲೆ ಉಳಿಸಿಕೊಳ್ಳುವುದಿಲ್ಲ, ಮೂಳೆಯಾಗಿಯೇ ಕೂಡುತ್ತದೆ. ಕೂಡಿದೆ ಅಂದದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಯಾಕೆ ಮುರಿಯಿತು ಅಂತ ಆ ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಇಂಥ ಒಂದು ಮುರಿತ ಆದವರಿಗೆ ಮುಂದಿನ ಮುರಿತದ ಅಪಾಯ ಸುಮಾರು ಎರಡು ಪಟ್ಟು.

ನಾಲ್ಕು ವರ್ಷದ ಮೇಲೆ ಅಮ್ಮ ನೀರಿನ ಬಕೆಟ್ ಎತ್ತಲು ಬಗ್ಗಿದವಳು ಹಾಗೇ ಕೂತುಬಿಟ್ಟಳು. ಬೆನ್ನು ಉಳುಕಿದೆ ಅಂದುಕೊಂಡು ಹದಿನೈದು ದಿನ ಮುಲಾಮು ಹಚ್ಚಿದೆವು. ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ತುಂಡು ಮುಂದುಗಡೆ ಕುಸಿದು ಬೆಣೆಯ ಆಕಾರಕ್ಕೆ ಬಂದಿತ್ತು. ಅದರ ಮೇಲೆ ಇನ್ನೊಂದು, ಯಾವಾಗ ಆಯಿತೋ ಯಾರಿಗೂ ತಿಳಿಯದ ಹಳೇ ಕುಸಿತ. ಆ ಡಾಕ್ಟರು ಎತ್ತರ ಅಳೆದರು, ಹಳೇ ಗುರುತಿನ ಚೀಟಿಯಲ್ಲಿ ಇದ್ದದ್ದಕ್ಕಿಂತ 4 ಸೆಂಟಿಮೀಟರ್ ಕಡಿಮೆ. "ಈ ಮೊದಲು ಯಾವುದಾದರೂ ಮೂಳೆ ಮುರಿದಿತ್ತಾ ಅಮ್ಮ?" ಅಂದರು. ಮಣಿಕಟ್ಟಿನ ವಿಷಯ ಹೇಳಿದೆವು. "ಆವಾಗ ಡೆಕ್ಸಾ ಮಾಡಿಸಿರಲಿಲ್ವಾ?" ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆ ಪದವನ್ನೇ ಆವತ್ತು ಮೊದಲ ಸಲ ಕೇಳಿದ್ದು.

ಈಗ ಔಷಧಿ ನಡೆಯುತ್ತಿದೆ. ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟ ಹಾಗೆ ಬೆಳಿಗ್ಗೆ ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುತ್ತಾಳೆ, ನಾನು ಎಣಿಸುತ್ತೇನೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ ಆರುವುದಿಲ್ಲ, ಜಾರುವ ಕಾಲೊರಸು ತೆಗೆದುಹಾಕಿದ್ದೇವೆ. ಯಾರ ಕೈಗೆ ಪ್ಲಾಸ್ಟರ್ ಕಂಡರೂ ಅಮ್ಮ ಹತ್ತಿರ ಹೋಗಿ, ನೋವು ಹೇಗಿದೆ ಅಂತ ಕೇಳುವ ಮೊದಲೇ ಕೇಳುವುದು ಒಂದೇ: "ನಿಂತಲ್ಲೇ ಬಿದ್ರಾ, ಮೇಲಿಂದ ಬಿದ್ರಾ?"